ಭಾವನ ಕಾರಿನ ‘ಟಕ್’

ಜಾಕು ಜಾರಿ ಕಾರು ಭಾವನ ಎದೆಯ ಮೇಲೆ ಕೂರಬಹುದಿತ್ತು. ಪೆಟ್ರೋಲ್ ಟ್ಯಾಂಕಿಗೆ ಕಿಡಿ ಹಾರಿ ಮೂಡಲಪಾಳ್ಯದ ಆ ಅಡ್ಡರಸ್ತೆಯೇ ನಕ್ಷೆಯಿಂದ ಮಾಯವಾಗಬಹುದಿತ್ತು. ಬೋಲ್ಟು ಮುರಿಯಬಹುದಿತ್ತು, ಬೆರಳು ಮುರಿಯಬಹುದಿತ್ತು, ಮೂವತ್ತೈದು ವರ್ಷದ ದಾಂಪತ್ಯ ಮುರಿಯಬಹುದಿತ್ತು. ಇವೆಲ್ಲವನ್ನೂ ನಾನು ಹಿಂದಿನ ದಿನವೇ ಹಾಸಿಗೆಯಲ್ಲಿ ಒಂದೊಂದಾಗಿ ಅನುಭವಿಸಿ, ಭಾವನ ತಿಥಿಯೂಟಕ್ಕೆ ಅಡುಗೆಯವರನ್ನೂ ಮನಸ್ಸಿನಲ್ಲೇ ಗೊತ್ತುಮಾಡಿ ಮುಗಿಸಿದ್ದೆ. ಹೋಳಿಗೆಯೋ ಲಾಡುವೋ ಎಂಬುದೊಂದೇ ತೀರ್ಮಾನವಾಗಿರಲಿಲ್ಲ.

ನಮ್ಮ ಅಕ್ಕನ ಗಂಡ, ಅಂದರೆ ಈ ಭಾವ, ನಟ್ಟು ಬೋಲ್ಟುಗಳಿಗೆ ಹಾಜರಿ ಕರೆಯುವ ಭೂಲೋಕದ ಏಕೈಕ ಮನುಷ್ಯ! ಹೈಸ್ಕೂಲಿನಲ್ಲಿ ಮೂವತ್ತು ವರ್ಷ ಗಣಿತ ಹೇಳಿದವರು. ನಿವೃತ್ತಿಯಾದ ಮೇಲೆ ಶಿಷ್ಯರು ಸಿಗದೆ ತಮ್ಮ ಹಳೇ ಕಾರಿನ ಮೇಲೆ ಬಿದ್ದರು. ಅವರು ಹಾರ್ನ್ ಹೊಡೆಯುವುದಿಲ್ಲ. ಹಾರ್ನ್ ಹೊಡೆಯುವವನು ಉತ್ತರ ಗೊತ್ತಿಲ್ಲದಿದ್ದರೂ ಬೆಂಚಿನ ಮೇಲೆ ಎಗರಿ ಕೈಯೆತ್ತುವ ಹುಡುಗನಂತೆ, ಎನ್ನುತ್ತಾರೆ. ಸ್ವಂತ ಮನೆಯ ಗೇಟಿನ ಮುಂದಂತೂ ಹಾರ್ನ್ ಮುಟ್ಟಿದ್ದೇ ಇಲ್ಲ. ಆದರೂ ನಾವು ಒಳಗೆ ಬಂದು ಚಪ್ಪಲಿ ಬಿಡುವಷ್ಟರಲ್ಲಿ ಅಕ್ಕನ ಕಾಫಿ ತಯಾರಾಗಿರುತ್ತಿತ್ತು. ಅದು ಹೇಗೆ ಎಂದು ನಾನೊಂದು ದಿನವೂ ಯೋಚಿಸಿರಲಿಲ್ಲ. ನನಗೆ ಬೇರೆ ಚಿಂತೆಗಳೇ ಸಾಕಷ್ಟಿದ್ದವು.

ಕಾರಿಗೆ ಐದಾರು ವರ್ಷದಿಂದ ಒಂದು ಕಾಯಿಲೆ. ಗೇರ್ ಹಾಕಿ ಕ್ಲಚ್ ಬಿಟ್ಟರೆ ಹಿಂದುಗಡೆಯಿಂದ ‘ಟಕ್’. ಹಂಪ್ ಹತ್ತಿದರೆ ಟಕ್. ಮನೆಯ ಗೇಟಿನ ಮುಂದಿನ ಇಳಿಜಾರು ಏರಿದರೆ ಟಕ್. ಮೊದಮೊದಲು ನೆಟಿಕೆ ಮುರಿದಷ್ಟಿದ್ದ ಸದ್ದು ಈ ವರ್ಷ ಈಡುಗಾಯಿ ಒಡೆದಂತಾಯಿತು. ಅದೇ ಹೊತ್ತಿಗೆ ಅಕ್ಕನಿಗೆ ಸೊಂಟದ ಡಿಸ್ಕ್ ಜಾರಿತು. ಹಂಪ್ ಕಂಡೊಡನೆ ಅವಳ ಕೈ ತಾನಾಗಿ ಸೊಂಟಕ್ಕೆ ಹೋಗುತ್ತಿತ್ತು, ಕಣ್ಣು ಮುಚ್ಚಿಕೊಳ್ಳುತ್ತಿತ್ತು. ಕೊನೆಗೊಂದು ದಿನ ತೀರ್ಪು ಕೊಟ್ಟಳು.

“ಭಾನುವಾರದೊಳಗೆ ಇದು ನಿಲ್ಲಬೇಕು ಕಣ್ರೀ. ಇಲ್ಲಾಂದ್ರೆ ಸೋಮವಾರ ಸುಂಕದಕಟ್ಟೆ ಗುಜರಿಯವನು ಬರ್ತಾನೆ. ನಂಬರ್ ಇಸ್ಕೊಂಡಿದೀನಿ.”

ಬಾಪೂಜಿ ನಗರದ ಮೆಕ್ಯಾನಿಕ್ ಕಾರಿನಡಿ ತೂರಿ ನೋಡಿದ. ಹಿಂದಿನ ಎರಡು ಚಕ್ರಗಳ ನಡುವೆ ಡಿಫರೆನ್ಷಿಯಲ್ ಎಂಬ ಕಬ್ಬಿಣದ ಕುಂಬಳಕಾಯಿ ಇದೆಯಂತೆ. ಅದನ್ನು ಅಲುಗದಂತೆ ಹಿಡಿಯುವ ಬುಶ್ ಎಂಬ ರಬ್ಬರ್ ಬಳೆ ಸವೆದುಹೋಗಿ, ಕುಂಬಳಕಾಯಿ ಕುಣಿಯುತ್ತಿದೆಯಂತೆ. ಇಷ್ಟು ಹೇಳಿ, ಈ ಗಾಡಿಗೆ ಯಾಕೆ ಸಾರ್ ಕಷ್ಟ, ಕೊಟ್ಟುಬಿಡಿ ಎಂದ. ಭಾವ ಮನೆಗೆ ಬಂದು ನನ್ನನ್ನು ಗದರಿದರು: “ಒಂದು ಲೆಕ್ಕ ತಪ್ಪು ಮಾಡ್ದ ಅಂತ ಹುಡುಗನ್ನ ಸ್ಕೂಲಿಂದ ಆಚೆ ಹಾಕ್ತಾರೇನೋ?” ಹಾಕಬೇಕೆಂದು ನಾನು ಹೇಳಿದ್ದೆನೇ?

ಬುಶ್ ತರಿಸಿದರು, ಮನೆಯಲ್ಲೇ ಹಾಕುತ್ತೇನೆಂದರು. ಭಾನುವಾರ ಬೆಳಿಗ್ಗೆ ನಾನು ವಿಜಯನಗರದಿಂದ ಸುಟ್ಟಗಾಯದ ಮುಲಾಮು, ಬ್ಯಾಂಡೇಜು ಮತ್ತು ನನ್ನ ಬಿಪಿ ಮಾತ್ರೆಗಳೊಂದಿಗೆ ಹಾಜರಾದೆ.

ಮೊದಲ ಅಪಘಾತ ಅಡುಗೆಮನೆಯಲ್ಲೇ ಆಗುವುದರಲ್ಲಿತ್ತು. ತಣ್ಣಗಾದರೆ ಬುಶ್ ಒಂದೆಳೆ ಕುಗ್ಗಿ ಸಲೀಸಾಗಿ ಒಳಹೋಗುತ್ತದೆಂದು ಭಾವ ಅದನ್ನು ಹಿಂದಿನ ದಿನವೇ ಫ್ರೀಜರಿನಲ್ಲಿಟ್ಟಿದ್ದರು. ಎಲ್ಲಿ? ತೆಂಗಿನ ತುರಿಯ ಡಬ್ಬಿಯಲ್ಲಿ! ಅಕ್ಕ ಡಬ್ಬಿ ತೆರೆದಳು. ಕಪ್ಪು ಬುಶ್ಶನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದು ಶಾಂತವಾಗಿ ಕೇಳಿದಳು: “ರೀ, ಇದನ್ನ ಚಟ್ನಿಗೆ ರುಬ್ಬಲಾ, ಪಲ್ಯದ ಮೇಲೆ ಉದುರಿಸ್ಲಾ?”

“ಬಿಸಿ ಕೈಯಲ್ಲಿ ಹಿಡೀಬೇಡ ಕಣೇ, ಹಿಗ್ಗುತ್ತೆ,” ಎಂದರು ಭಾವ.

ಇನ್ನು ಕಾರು ಎತ್ತಬೇಕು. ನಾನು ಸೈಜುಗಲ್ಲು ತರಲು ಹೊರಟೆ. ಕಲ್ಲು ಹೇಳದೆ ಕೇಳದೆ ಒಡೆಯುತ್ತದೆ, ಮರವಾದರೆ ಕಿರುಗುಟ್ಟಿ ಎಚ್ಚರಿಸುತ್ತದೆ ಎಂದು ಭಾವ ದಪ್ಪ ದಿಮ್ಮಿಗಳನ್ನು ಒಟ್ಟಿದರು. ಆಮೇಲೆ ಎರಡು ಗಂಟೆ ನಾನು ದಿಮ್ಮಿಗಳಿಗೆ ಕಿವಿಗೊಟ್ಟು ಕೂತೆ. ಕಿರುಗುಟ್ಟಿದ್ದು ನನ್ನ ಮಂಡಿ ಮಾತ್ರ.

ಕಾರಿನಡಿ ಮಲಗಿದ ಭಾವ ಬಿಚ್ಚಿದ ಪ್ರತಿ ಬೋಲ್ಟಿಗೂ ಸೀಮೆಸುಣ್ಣದಲ್ಲಿ ನಂಬರ್ ಬರೆದು ನನಗೆ ಕೊಡುತ್ತಿದ್ದರು. ನಾನು ಟಿಫಿನ್ ಡಬ್ಬಿಯಲ್ಲಿಡಬೇಕು. ಅರ್ಧ ಗಂಟೆಗೊಮ್ಮೆ ಹಾಜರಿ. “ನಂಬರ್ ನಾಲ್ಕು?” ಎಂದು ಕೆಳಗಿನಿಂದ ಧ್ವನಿ ಬಂದರೆ, ತಲೆ ನರೆತ ನಾನು ಮೇಲಿನಿಂದ “ಎಸ್ ಸಾರ್” ಎನ್ನಬೇಕು. ಎದುರುಮನೆಯ ಆಂಟಿ ಬಾಲ್ಕನಿಯಲ್ಲಿ ಬಟ್ಟೆ ಒಣಹಾಕುವುದನ್ನು ಮರೆತು ನಿಂತಿದ್ದರು.

ಹಳೇ ಬುಶ್ ಮಾತ್ರ ಜಪ್ಪಯ್ಯ ಅಂದರೂ ಬರಲಿಲ್ಲ. ಭಾವ ಒಂದು ಉದ್ದ ಬೋಲ್ಟಿಗೆ ಪೈಪಿನ ತುಂಡನ್ನೂ ವಾಷರುಗಳನ್ನೂ ಪೋಣಿಸಿ, ನಟ್ಟು ತಿರುಗಿಸುತ್ತಾ ಅದನ್ನು ಎಳೆಯತೊಡಗಿದರು. ಕಾಲು ಸುತ್ತು, ಇನ್ನೊಂದು ಕಾಲು ಸುತ್ತು. ಬೈಯಲಿಲ್ಲ, ಬಡಿಯಲಿಲ್ಲ. ದಡ್ಡ ಹುಡುಗನಿಗೆ ಏಳನೇ ಸಲ ಅದೇ ಲೆಕ್ಕ ಹೇಳಿಕೊಡುವ ದನಿಯಲ್ಲಿ, “ಬಾ, ಬರುತ್ತೆ, ನಿಧಾನ,” ಎನ್ನುತ್ತಿದ್ದರು. ಬಂತು! ಫ್ರೀಜರಿನ ಹೊಸ ಬುಶ್ ಸೋಪುನೀರು ಸವರಿಸಿಕೊಂಡು ಒಳಗೆ ಕೂತಿತು. ಕೊನೆಯ ಹಾಜರಿಯಲ್ಲಿ ಒಂದು ವಾಷರ್ ಗೈರು. ಹದಿನೈದು ನಿಮಿಷ ಹುಡುಕಿದ ಮೇಲೆ ಅದು ಗ್ರೀಸಿನಿಂದ ನನ್ನ ಪ್ಯಾಂಟಿನ ಹಿಂಭಾಗಕ್ಕೆ ಅಂಟಿಕೊಂಡಿದ್ದು ಪತ್ತೆಯಾಯಿತು.

ಸಂಜೆ ನಾವಿಬ್ಬರೇ ಪರೀಕ್ಷೆಗೆ ಹೊರಟೆವು. ಅಕ್ಕ ಸೀರೆ ಬದಲಾಯಿಸಿಕೊಂಡು ರೆಡಿಯಾಗಿರುತ್ತೇನೆ, ಬಂದು ಕರೆದುಕೊಂಡು ಹೋಗಿ ಎಂದಳು. ನಾಗರಬಾವಿಯವರೆಗಿನ ಹಂಪುಗಳನ್ನೆಲ್ಲ ಹುಡುಕಿ ಹುಡುಕಿ ಹತ್ತಿಸಿದೆವು. ಟಕ್ ಇಲ್ಲ. ಗುಂಡಿಗಿಳಿಸಿದೆವು. ಇಲ್ಲ. ಮನೆಗೆ ಬಂದು ಇಳಿಜಾರು ಏರಿದೆವು. ಗಾಳಿ ಬಂದಷ್ಟೇ ಸದ್ದು.

ಚಪ್ಪಲಿ ಬಿಟ್ಟು ಒಳಗೆ ಹೋದರೆ ಕಾಫಿ ಇಲ್ಲ. ಒಲೆಯ ಮೇಲೆ ತಣ್ಣನೆಯ ಹಾಲು. ಅಕ್ಕ ಬ್ಯಾಗನ್ನು ತೊಡೆಯ ಮೇಲಿಟ್ಟುಕೊಂಡು, ಕಿವಿಯನ್ನು ಗೇಟಿನ ಕಡೆಗಿಟ್ಟು ಕೂತಿದ್ದಳು. ನಮ್ಮನ್ನು ಕಂಡು ಬೆಚ್ಚಿದಳು.

“ಯಾವಾಗ ಬಂದ್ರಿ? ಟಕ್ ಅಂತ ಸದ್ದೇ ಆಗ್ಲಿಲ್ಲ. ಎಲ್ಲೋ ಕೆಟ್ಟು ನಿಂತ್ರೇನೋ ಅಂತ ನಾನಿಲ್ಲಿ…”

ನಾನು ಪಟ್ಟಿ ಮಾಡಿದ್ದ ಅನಾಹುತಗಳಲ್ಲಿ ಇದೊಂದು ಇರಲೇ ಇಲ್ಲ. ಭಾವ ಅವಳನ್ನು ಕೂರಿಸಿಕೊಂಡು ಒಂದು ಸುತ್ತು ಹೋಗಿಬಂದರು. ಹಿಂದೆ ಕೂತಿದ್ದ ನಾನು ಅಕ್ಕನ ಕೈಯನ್ನೇ ನೋಡುತ್ತಿದ್ದೆ. ಮೊದಲ ಹಂಪಿಗೆ ಅದು ಅಭ್ಯಾಸಬಲದಿಂದ ಸೊಂಟಕ್ಕೆ ಹೋಯಿತು. ಮೂರನೆಯದಕ್ಕೆ ಮಡಿಲಲ್ಲೇ ಉಳಿಯಿತು. ಗುಜರಿಯವನಿಗೆ ಬರಬೇಡವೆಂದು ಫೋನ್ ಮಾಡಿದವಳೂ ಅವಳೇ.

ಮುಂದಿನ ಶನಿವಾರ ಭಾವನ ಜೊತೆ ತರಕಾರಿ ತಂದೆ. ಕಾರು ಸದ್ದಿಲ್ಲದೆ ಗೇಟಿನ ಮುಂದೆ ನಿಂತಿತು. ಈಗಲಾದರೂ ಹಾರ್ನ್ ಹೊಡೆಯುತ್ತಾರೇನೋ ಎಂದುಕೊಂಡೆ. ಹೊಡೆಯುತ್ತಾರೆಯೇ? ಸೀಟಿನ ಪಕ್ಕದಿಂದ ಹದಿನೇಳರ ಸ್ಪ್ಯಾನರ್ ತೆಗೆದುಕೊಂಡು ಇಳಿದರು. ಗೇಟಿನ ಕಂಬಿಗೆ ಒಂದೇ ಒಂದು ಸಲ ಬಡಿದರು.

ಟಕ್.

ಒಳಗೆ ಅಕ್ಕ ಗ್ಯಾಸ್ ಹೊತ್ತಿಸಿದ ಸದ್ದು ಕೇಳಿಸಿತು.