ಹನ್ನೊಂದು ಗಂಟು

ತೊಂದರೆಯೆಲ್ಲ ಶುರುವಾದದ್ದು ಒಂದು ಖಾಲಿ ಚೌಕದಿಂದ.

ಕಂಪ್ಯೂಟರಿನಲ್ಲಿ ಆಡುವ ಯುದ್ಧದ ಆಟ ಅದು. ಅದರಲ್ಲಿ ಮೂವತ್ತೆರಡು ಬಗೆಯ ಪ್ರಾಚೀನ ಸೈನಿಕರು. ಒಬ್ಬೊಬ್ಬನ ಎದುರಿಗೂ ಅವನ ಈಟಿಯ ಉದ್ದ, ಗುರಾಣಿಯ ತೂಕ, ನಡಿಗೆಯ ವೇಗ ಬರೆದ ದೊಡ್ಡ ಪಟ್ಟಿ. ಇಡೀ ಪಟ್ಟಿಯಲ್ಲಿ ಖಾಲಿ ಉಳಿದಿದ್ದುದು ಒಂದೇ ಚೌಕ: 'ಜೋಡಿ ಸೈನಿಕರು ಕವಚ ತೊಡಲು ಬೇಕಾಗುವ ಸಮಯ.' ಆ ದಿನ ಸಂಜೆ ನಾಲ್ಕರ ಮೀಟಿಂಗಿನೊಳಗೆ ಅದು ತುಂಬದಿದ್ದರೆ ಜೋಡಿ ಸೈನಿಕರನ್ನೇ ಆಟದಿಂದ ಕಿತ್ತುಹಾಕುವುದಾಗಿ ಪ್ರೋಗ್ರಾಮರ್ ಹೇಳಿಬಿಟ್ಟಿದ್ದ.

ಆಟಕ್ಕೆ ಬೇಕಾದ ಆಯುಧ, ಕವಚ, ಹಳೆಯ ಜನಾಂಗಗಳ ರೀತಿನೀತಿ ಇವನ್ನೆಲ್ಲ ಹುಡುಕಿ ಬರೆಯುವವನಿಗೆ ಆಫೀಸಿನಲ್ಲಿ ಆಧಾರಪ್ಪ ಎಂದೇ ಹೆಸರು. ಬರಹದ ಆಧಾರವಿಲ್ಲದ ಒಂದು ಮೊಳೆಯೂ ಆಟದೊಳಗೆ ಬರಕೂಡದೆಂಬ ನಿಯಮ ಮಾಡಿದವನು ಅವನೇ. ಚಿತ್ರಗಾರ ಆಸೆಪಟ್ಟು ಶಿರಸ್ತ್ರಾಣಕ್ಕೆ ಎರಡು ಕೊಂಬು ಬರೆದಾಗ "ಆಧಾರ ಎಲ್ಲಿ?" ಎಂದು ಕೇಳಿ ಎರಡನ್ನೂ ಅಳಿಸಿಹಾಕಿಸಿದ್ದ. ಪ್ರೋಗ್ರಾಮರ್ ಕುದುರೆಗೆ ಬಿಳಿ ಬಣ್ಣ ಕೊಟ್ಟಾಗಲೂ ಅದೇ ಪ್ರಶ್ನೆ. ಕುದುರೆ ಕಂದು ಬಣ್ಣಕ್ಕೆ ತಿರುಗಿತು, ಪ್ರೋಗ್ರಾಮರ್ ಕೆಂಪಗಾದ.

ಜೋಡಿ ಸೈನಿಕರು ಆಧಾರಪ್ಪನ ಹೆಮ್ಮೆ. ಮ್ಯೂಸಿಯಂನಲ್ಲಿ ಒಂದು ಮುರುಕು ಕಲ್ಲಿನ ಸೈನಿಕನಿದ್ದಾನೆ. ತಲೆಯಿಲ್ಲ, ಕೈಯಿಲ್ಲ, ಸೊಂಟದ ಕೆಳಗೆ ಏನೂ ಇಲ್ಲ. ಉಳಿದಿರುವುದು ಕವಚ ತೊಟ್ಟ ಮುಂಡ ಮಾತ್ರ. ಅದರ ಒಂದು ಮೈಯಲ್ಲಿ ನುಣುಪಾದ ತಗಡುಗಳ ಸಾಲು, ಇನ್ನೊಂದು ಮೈಯಲ್ಲಿ ಹನ್ನೊಂದು ಗಂಟು. ಆಧಾರಪ್ಪ ಅದನ್ನು ನೋಡಿ ನಲವತ್ತು ಪುಟ ಬರೆದಿದ್ದ. ಗಂಟು ಬೆನ್ನಿಗಿದೆ, ಬೆನ್ನಿನ ಗಂಟನ್ನು ಯಾರೂ ತಾವೇ ಕಟ್ಟಿಕೊಳ್ಳಲಾರರು, ಆದ್ದರಿಂದ ಈ ಜನ ಇಬ್ಬಿಬ್ಬರಾಗಿ ಬದುಕುತ್ತಿದ್ದರು, ಇಬ್ಬಿಬ್ಬರಾಗಿಯೇ ಹೋರಾಡುತ್ತಿದ್ದರು. ಕುತ್ತಿಗೆಯ ಅಂಚು ಎದೆಯ ಕಡೆ ಗಂಟಲಿನವರೆಗೂ ಏರಿದ್ದನ್ನು ಕಂಡು ಇಪ್ಪತ್ತಮೂರನೆಯ ಪುಟದಲ್ಲಿ 'ಇದು ಎಂದೂ ತಲೆ ತಗ್ಗಿಸದ ಜನಾಂಗ' ಎಂದೂ ಸೇರಿಸಿದ್ದ.

ಕವಚ ತೊಡುವ ಸಮಯಕ್ಕೆ ಮಾತ್ರ ಯಾವ ಪುಸ್ತಕದಲ್ಲೂ ಆಧಾರ ಸಿಗಲಿಲ್ಲ. ತಾನೇ ತೊಟ್ಟು ನೋಡಿ ಬರೆದರೆ ಅದೇ ಆಧಾರವಾಗುತ್ತದೆಂದು ತೀರ್ಮಾನಿಸಿದ. ಮರುದಿನದ ವಸ್ತುಪ್ರದರ್ಶನಕ್ಕೆಂದು ಮ್ಯೂಸಿಯಂ ಕೊಟ್ಟ ಅಳತೆಯಲ್ಲಿ, ಒಂದು ನೂಲೂ ಆಚೀಚೆಯಾಗದಂತೆ ಮಾಡಿಸಿದ್ದ ಕವಚವನ್ನು ಹಿಂದಿನ ದಿನವೇ ಮನೆಗೆ ಹೊತ್ತುತಂದಿದ್ದ.

ಹೆಂಡತಿ ಅಂಚೆ ಕಚೇರಿಯ ಪಾರ್ಸೆಲ್ ಕೌಂಟರಿನಲ್ಲಿ ಕೆಲಸ ಮಾಡುವವಳು. ಬೆಳಿಗ್ಗೆ ಒಂಬತ್ತಕ್ಕೆ ಅವಳನ್ನು ಬೆನ್ನ ಹಿಂದೆ ನಿಲ್ಲಿಸಿಕೊಂಡ.

"ಎಷ್ಟು ಬಿಗಿ?" ಎಂದಳು.

"ಗಂಡ ಯುದ್ಧಕ್ಕೆ ಹೊರಟಿದಾನೆ ಅಂದ್ಕೊಂಡು ಕಟ್ಟು."

"ಯುದ್ಧಕ್ಕೆ ಹೋಗೋ ಗಂಡನ್ನ ಕಟ್ಟಿ ಅಭ್ಯಾಸ ಇಲ್ಲಪ್ಪ. ಪಾರ್ಸೆಲ್ ಅಂದ್ಕೋತೀನಿ."

ನಾಲ್ಕು ನಿಮಿಷ ಹತ್ತು ಸೆಕೆಂಡು. ಆಧಾರಪ್ಪ ಖುಷಿಯಿಂದ ಬರೆದುಕೊಂಡ. ಬರೆಯಲು ಕಾಗದವನ್ನು ಮುಖದ ಮಟ್ಟಕ್ಕೆ ಎತ್ತಿ ಹಿಡಿಯಬೇಕಾಯಿತು, ಯಾಕೆಂದರೆ ಕತ್ತು ಬಗ್ಗುತ್ತಿರಲಿಲ್ಲ. 'ಪುಟ ಇಪ್ಪತ್ತಮೂರು!' ಎಂದು ಪುಳಕಗೊಂಡ.

"ಸರಿ, ಬಿಚ್ಚು."

ಅವಳು ಒಂದು ಗಂಟು ಎಳೆದಳು. ಇನ್ನೊಂದು ಎಳೆದಳು. "ಏನ್ರೀ, ನಾನು ಕಟ್ಟಿದ್ದನ್ನ ನಾನು ಯಾವತ್ತೂ ಬಿಚ್ಚಿಲ್ಲ. ಅದು ತಗೊಳ್ಳೋರ ಕೆಲಸ." ಅಷ್ಟರಲ್ಲಿ ಬಸ್ಸಿನ ಹೊತ್ತಾಯಿತು. ಬ್ಯಾಗು ಹೆಗಲಿಗೇರಿಸುತ್ತ, "ಸಂಜೆ ಬಂದು ನೋಡ್ತೀನಿ. ಎಲ್ಲೂ ಬೀಳ್ಬೇಡಿ, ಒಡೆಯೋ ವಸ್ತು ಅಂತ ಚೀಟಿ ಅಂಟಿಸಿಲ್ಲ" ಎಂದು ಮೆಟ್ಟಿಲಿಳಿದಳು.

ಹೀಗೇ ಆಫೀಸಿಗೆ ಹೋದರೆ ಚಿತ್ರಗಾರ ಕೊಂಬಿನ ಸೇಡು ತೀರಿಸಿಕೊಳ್ಳದೆ ಬಿಡುವುದಿಲ್ಲ. ದಾರ ಕತ್ತರಿಸೋಣವೆಂದರೆ ನಾಳೆಯ ಪ್ರದರ್ಶನ. ಆಧಾರಪ್ಪ ಬಾಗಿಲಿನ ಚೌಕಟ್ಟಿಗೆ ಬೆನ್ನು ಉಜ್ಜಿ ನೋಡಿದ. ಆ ಸದ್ದಿಗೆ ಎದುರು ಮನೆಯ ನಿವೃತ್ತ ಪ್ಲಂಬರ್ ಹೊರಗೆ ಬಂದ.

"ಏನ್ ಸಾರ್, ಗೀಸರ್ ಹಾಕ್ಕೊಂಡು ನಿಂತಿದೀರಿ?"

"ಕವಚ. ಗಂಟು ಬಿಚ್ತಿಲ್ಲ."

"ತುಕ್ಕು ಹಿಡಿದ ನಟ್ ಬಿಚ್ಚಿದೀನಿ, ಗಂಟು ಯಾವ ಲೆಕ್ಕ? ಬಿಸಿನೀರು ಬಿದ್ರೆ ಎಂಥದ್ದೂ ಸಡಿಲ ಆಗುತ್ತೆ."

"ಬೇಡಿ! ಇದು ಚರ್ಮದ ದಾರ, ಒದ್ದೆಯಾಗಿ ಒಣಗಿದ್ರೆ—"

ಹೇಳಿ ಮುಗಿಸುವುದರೊಳಗೆ ಒಂದು ಚೊಂಬು ನೀರು ಬೆನ್ನ ಮೇಲೆ ಇಳಿದಿತ್ತು.

ಅವನ ಕಿರುಚಾಟ ಕೇಳಿ ಕೆಳಮನೆಯ ಟೀಚರಮ್ಮ ಮೇಲೆ ಬಂದರು. ಕೆಲಸದಿಂದ ನಿವೃತ್ತರಾದರೂ ಗದರಿಸುವುದರಿಂದ ನಿವೃತ್ತರಾದವರಲ್ಲ. "ಬೆನ್ನು ನೋವಿನ ಪಟ್ಟಿ ಹಾಕ್ಕೊಂಡೋರಿಗೆ ನೀರು ಹೊಯ್ಯೋದಾ? ಬುದ್ಧಿ ಇದೆಯೇನ್ರೀ? ನೆಗಡಿ ಆಗುತ್ತೆ ಅವನಿಗೆ!"

"ಬೆನ್ನು ನೋವಲ್ಲ ಟೀಚರ್, ಇದು ಎರಡು ಸಾವಿರ ವರ್ಷದ ಹಿಂದಿನ—"

"ಅಷ್ಟು ಹಳೇದಾದ್ರೆ ಡಾಕ್ಟರಿಗೆ ಯಾಕೋ ತೋರಿಸಿಲ್ಲ? ಬಾಯಿ ಮುಚ್ಕೊಂಡು ತಿರುಗು." ಅವರು ಕೂದಲು ಒಣಗಿಸುವ ಯಂತ್ರ ತಂದು ಬೆನ್ನಿಗೆ ಹಿಡಿದರು. ಹತ್ತು ನಿಮಿಷದಲ್ಲಿ ದಾರಗಳು ಒಣಗಿ ಕಿರ್ರೆಂದು ಬಿಗಿದುಕೊಂಡವು. 'ಚರ್ಮ ಒಣಗಿದಂತೆಲ್ಲ ಕವಚ ಮೈಗೆ ಅಪ್ಪಿಕೊಳ್ಳುತ್ತದೆ' ಎಂದು ಹದಿನೇಳನೆಯ ಪುಟದಲ್ಲಿ ಅವನೇ ಬರೆದಿದ್ದ. ಬರೆಯುವಾಗ ವಾಕ್ಯ ಬಲು ಸೊಗಸಾಗಿತ್ತು.

ಇಬ್ಬರೂ ಪರಸ್ಪರ ಬೈದಾಡುತ್ತ ಮಧ್ಯಾಹ್ನ ಹನ್ನೆರಡೂವರೆಯವರೆಗೆ ಇಕ್ಕಳ, ಚಮಚ, ಹೇರ್‌ಪಿನ್ ಎಲ್ಲ ಪ್ರಯೋಗಿಸಿದರು. ಒಂದು ಗಂಟೂ ಸಡಿಲವಾಗಲಿಲ್ಲ. ಕೊನೆಗೆ ಟೀಚರಮ್ಮನೇ, "ಮೂಲೆ ಟೈಲರ್ ಹತ್ರ ಹೋಗು. ನನ್ನ ರವಿಕೆಯ ಹೊಲಿಗೆ ಬಿಟ್ಟು ಬೇರೆಲ್ಲ ಸರಿಯಾಗಿ ಬಿಚ್ತಾನೆ" ಎಂದರು.

ಬೀರುವೊಂದು ಮೆಟ್ಟಿಲಿಳಿದಂತೆ ಇಳಿದು ಆಧಾರಪ್ಪ ಬೀದಿಗೆ ಬಂದ. ಕಾಲಡಿಯ ನೆಲ ಕಾಣದೆ ಆಕಾಶ ನೋಡಿಕೊಂಡೇ ನಡೆದ. ಬಸ್ ಸ್ಟಾಪಿನಲ್ಲಿದ್ದವರೂ ಏನೋ ಇರಬೇಕೆಂದು ಆಕಾಶ ನೋಡಿದರು.

ಟೈಲರ್ ಮಾತು ಕಡಿಮೆ. ಹೊಲಿಗೆ ಯಂತ್ರ ನಿಲ್ಲಿಸಿ ದಬ್ಬಳ ತೆಗೆದು, ಹಲ್ಲಿನ ವೈದ್ಯನಂತೆ ಒಂದೊಂದೇ ಗಂಟನ್ನು ಮೀಟುತ್ತ ಹೋದ. ಹನ್ನೊಂದನೆಯದು ಬಿಚ್ಚಿದಾಗ ಮೂರು ಗಂಟೆ. ಕವಚವನ್ನು ಮೇಜಿನ ಮೇಲೆ ಹರಡಿ, ಕಂಕುಳಿನ ಕತ್ತರಿಸಿದ ಜಾಗಕ್ಕೆ ಟೇಪು ಹಿಡಿದು, ಮೊದಲ ಸಲ ಬಾಯಿ ಬಿಟ್ಟ.

"ಹಿಂದುಮುಂದು ಹಾಕ್ಕೊಂಡಿದೀರಿ."

"ಏನಂದ್ರಿ?"

"ಕೈಯಾಡೋದು ಮುಂದಕ್ಕೆ. ಅದಕ್ಕೇ ಕಂಕುಳನ್ನ ಮುಂದೆ ಜಾಸ್ತಿ ಕತ್ತರಿಸ್ತೀವಿ. ಕುತ್ತಿಗೇನೂ ಮುಂದೆ ಇಳಿಸ್ತೀವಿ. ಇಲ್ಲಿ ಗಂಟಿರೋ ಕಡೆ ಎರಡೂ ಇಳಿದಿದೆ. ಯಾರು ಕತ್ತರಿಸಿದ್ರೋ, ಕೆಲಸ ಬಲ್ಲೋನು. ಹಾಕ್ಕೊಂಡೋರಿಗೇ ಗೊತ್ತಿಲ್ಲ."

ಆಧಾರಪ್ಪ ಅದನ್ನು ತಿರುಗಿಸಿ ತೊಟ್ಟ. ಅಂಗಿಯಂತೆ ಕೂತಿತು. ಕತ್ತು ಬಗ್ಗಿತು. ಎದೆಯ ಮೇಲಿನ ಹನ್ನೊಂದು ಗಂಟನ್ನು ಯಾರ ನೆರವೂ ಇಲ್ಲದೆ ತಾನೇ ಕಟ್ಟಿದ, ತಾನೇ ಬಿಚ್ಚಿದ. ಎರಡು ಸಾವಿರ ವರ್ಷಗಳಿಂದ ಜೊತೆಜೊತೆಯಾಗಿದ್ದ ಗೆಳೆಯರೆಲ್ಲ ಆ ಒಂದು ನಿಮಿಷದಲ್ಲಿ ಒಂಟಿಯಾದರು.

ಮುಚ್ಚಿಟ್ಟರೆ ಯಾರಿಗೂ ತಿಳಿಯುತ್ತಿರಲಿಲ್ಲ. ಆದರೆ ಕುದುರೆಯ ಬಣ್ಣಕ್ಕೂ ಆಧಾರ ಕೇಳಿದವನು ಇದನ್ನು ಹೇಗೆ ಮುಚ್ಚಿಟ್ಟಾನು? ಕವಚವನ್ನು ಚೀಲಕ್ಕೆ ತುಂಬಿ, ಹೇಳಬೇಕಾದ ಮಾತನ್ನು ದಾರಿಯುದ್ದಕ್ಕೂ ಬಾಯಿಪಾಠ ಮಾಡುತ್ತ ನಾಲ್ಕಕ್ಕೆ ಆಫೀಸು ಮುಟ್ಟಿದ.

ಮೀಟಿಂಗಿನಲ್ಲಿ ಕಂಪನಿ ನಡೆಸುವ ಮೇಡಂ, ಪ್ರೋಗ್ರಾಮರ್, ಚಿತ್ರಗಾರ ಇದ್ದರು. ಜೊತೆಗೆ ಮ್ಯೂಸಿಯಂ ನಿರ್ದೇಶಕರು. ಅವನು ಬಾಯಿ ತೆರೆಯುವ ಮೊದಲೇ ನಿರ್ದೇಶಕರು ಕೈಕುಲುಕಿ ಫೋನಿನಲ್ಲಿ ಒಂದು ಫೋಟೋ ತೋರಿಸಿದರು.

"ನಿಮ್ಮ ನಲವತ್ತು ಪುಟ ಓದಿ ಧೈರ್ಯ ಬಂತು ನೋಡಿ. ಹೊಸ ತಲೆ ಕೆತ್ತಿಸಿ ಮೊನ್ನೆ ಕೂರಿಸಿಬಿಟ್ವಿ!"

ಕಲ್ಲಿನ ಸೈನಿಕ ಗಲ್ಲವೆತ್ತಿ ನಿಂತಿದ್ದ. ಹನ್ನೊಂದು ಗಂಟೂ ಅವನ ಬೆನ್ನಿಗಿದ್ದವು. ಕೆಳಗೆ ಹಿತ್ತಾಳೆಯ ಫಲಕ: 'ಜೋಡಿ ಸೈನಿಕ. ಎಂದೂ ತಲೆ ತಗ್ಗಿಸದ ಜನಾಂಗ.' ಅದರ ಕೆಳಗೆ ಸಣ್ಣ ಅಕ್ಷರದಲ್ಲಿ ಆಧಾರವೆಂದು ಅವನದೇ ವರದಿ.

"ಸಾರ್," ಎಂದ ಆಧಾರಪ್ಪ, "ಮುಖ ಆ ಕಡೆ ಅಲ್ಲ, ಗಂಟಿನ ಕಡೆ ಇರ್ಬೇಕು."

ಪ್ರೋಗ್ರಾಮರ್ ನಿಧಾನವಾಗಿ ಕುರ್ಚಿ ಮುಂದಕ್ಕೆಳೆದುಕೊಂಡ. ಎರಡು ವರ್ಷದಿಂದ ಕಾದಿದ್ದ ಮಾತನ್ನು ಸಿಹಿ ಚಪ್ಪರಿಸುವಂತೆ ಹೇಳಿದ:

"ಆಧಾರ ಎಲ್ಲಿ?"

"ಟೈಲರ್ ಹೇಳಿದ್ರು."

"ಬರ್ದಿದಾರಾ?"

"ಇಲ್ಲ. ಅವರು ಹೊಲೀತಾರೆ."

ನಿರ್ದೇಶಕರು ಬೆವರು ಒರೆಸಿಕೊಂಡು, "ತಲೆ ಸಿಮೆಂಟಿನಲ್ಲಿ ಕೂತಿದೆ ಕಣ್ರೀ, ಅದು ಇನ್ನು ತಿರುಗಲ್ಲ" ಎಂದರು.

ಮೇಡಂ ತೀರ್ಪು ಕೊಟ್ಟರು. "ನಿಯಮ ನಿಮ್ದೇ ಆಧಾರಪ್ಪ. ಬಾಯಿಮಾತು ನಡೆಯಲ್ಲ. ಮ್ಯೂಸಿಯಂ ಫಲಕ ಬರಹದ ಆಧಾರ. ಜೋಡಿ ಇರ್ಲಿ."

"ಮೇಡಂ, ಆ ಫಲಕಕ್ಕೆ ಆಧಾರ ನಾನು!"

"ಮತ್ತೆ? ನಿಮಗಿಂತ ಒಳ್ಳೇ ಆಧಾರ ಎಲ್ಲಿ ಸಿಗುತ್ತೆ?"

ಆಧಾರಪ್ಪ ಬರೆದು ತಂದಿದ್ದ ಕಾಗದ ನೋಡಿ ಪ್ರೋಗ್ರಾಮರ್ ಚೌಕ ತುಂಬಿದ. "ತೊಡಲು ನಾಲ್ಕು ನಿಮಿಷ ಹತ್ತು ಸೆಕೆಂಡು. ಬಿಚ್ಚಲು?"

ಆಧಾರಪ್ಪ ಸುಳ್ಳು ಹೇಳುವವನಲ್ಲ. "ಆರು ಗಂಟೆ" ಎಂದ.

ನಾಳೆ ಪ್ರದರ್ಶನದಲ್ಲಿ ಫಲಕದಲ್ಲಿರುವಂತೆಯೇ ಕವಚ ತೊಟ್ಟು ನಿಲ್ಲುವ ಕೆಲಸವನ್ನೂ ಅವನಿಗೇ ಒಪ್ಪಿಸಿದರು.

ಸಂಜೆ ಹೆಂಡತಿ ಎಲ್ಲ ಕೇಳಿ ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. "ಜೋಡಿ ಉಳೀತು ತಾನೆ? ಮತ್ಯಾಕೆ ಮುಖ ಹಾಗೆ? ನಾಳೆ ಅರ್ಧ ದಿನ ರಜೆ ಹಾಕಿ ಬಂದು ಕಟ್ತೀನಿ ಬಿಡಿ."

"ಸ್ವಲ್ಪ ಸಡಿಲವಾಗಿ ಕಟ್ತೀಯಾ?"

"ಸಡಿಲ ಕಟ್ಟೋಕೆ ನಂಗೆ ಬರಲ್ಲ. ಟೈಲರಿಗೆ ಹೇಳ್ತೀನಿ, ದಬ್ಬಳ ತಗೊಂಡು ಬರ್ಲಿ."

ಅವನಿಗೂ ನಗು ಬಂತು. ಆದರೆ ಆರು ಗಂಟೆ ಸೆಟೆದು ನಿಂತಿದ್ದ ಕತ್ತು ಸಂಜೆಯ ಹೊತ್ತಿಗೆ ಪೂರ್ತಿ ಹಿಡಿದುಕೊಂಡಿತ್ತು. ಹೆಂಡತಿ ತಟ್ಟೆಯನ್ನು ಅವನ ಗಲ್ಲದ ಮಟ್ಟಕ್ಕೆ ಎತ್ತಿ ಹಿಡಿದಳು. ಎಂದೂ ತಲೆ ತಗ್ಗಿಸದ ಆ ಜನಾಂಗದ ಒಬ್ಬನೇ ಒಬ್ಬ ಮನುಷ್ಯ ಗೋಡೆಯ ಮೇಲ್ಭಾಗವನ್ನು ನೋಡುತ್ತ ನೆಮ್ಮದಿಯಿಂದ ಊಟ ಮಾಡಿದ.