ಗಿರಣಿ ರಾಚಪ್ಪನ ಸತ್ಯಘಟನೆ

ಹಿಂದಿ ನನಗೆ ನೀರು ಕುಡಿದಷ್ಟು ಸಲೀಸು! ಮದುವೆಯಾದಂದಿನಿಂದ ಹೆಂಡತಿ ಭುವನೇಶ್ವರಿಗೆ ಹೀಗೆಂದು ಹೇಳುತ್ತ ಬಂದಿದ್ದೆ. ಪರೀಕ್ಷೆ ಮಾಡುವ ಪ್ರಸಂಗ ಇಪ್ಪತ್ತೆರಡು ವರ್ಷ ಬರಲಿಲ್ಲವಾದ್ದರಿಂದ ಆಕೆಯೂ ನಂಬಿದ್ದಳು. ಮುದ್ದೇಬಿಹಾಳದ ಹೈಸ್ಕೂಲೊಂದರಲ್ಲಿ ನಾನು ಇತಿಹಾಸದ ಮಾಸ್ತರ. ಗುರಪ್ಪ ಮಾಸ್ತರಿಗೆ ಗೊತ್ತಿಲ್ಲದ್ದು ಜಗತ್ತಿನಲ್ಲೇ ಇಲ್ಲ ಎಂಬುದು ಈ ಗುರಪ್ಪ ಮಾಸ್ತರನದೇ ಅಭಿಪ್ರಾಯ!

ಇದು ಎರಡು ಸಾವಿರದ ಮೂರನೆಯ ಇಸವಿಯ ಮಾತು. ಮಗಳು ವಿದ್ಯಾವತಿಗೆ ಸಿಂದಗಿಯ ಹುಡುಗ ಅಮಿತ ಗೊತ್ತಾಗಿದ್ದ. ಶುಕ್ರವಾರ ನಿಶ್ಚಯ. ಹುಡುಗನ ತಂದೆ ರಾಚಪ್ಪ, ಸಿಂದಗಿಯಲ್ಲಿ ದೊಡ್ಡ ಹಿಟ್ಟಿನ ಗಿರಣಿ ಇಟ್ಟವರು. ನಿಶ್ಚಯಕ್ಕೆಂದು ನನ್ನ ಅತ್ತೆ ಶೆಟ್ಟೆವ್ವ ಸಾಲೋಟಗಿಯಿಂದ ಹತ್ತು ದಿನ ಮೊದಲೇ ಬಂದಿಳಿದಿದ್ದರು. ಅವರಿಗೆ ಗೊತ್ತಿದ್ದದ್ದು ‘ಸಿಂದಗಿ ಬೀಗರು’ ಎಂದಷ್ಟೇ. ಬೀಗರ ಹೆಸರೇನು, ಕಸುಬೇನು ಎಂದು ಅವರು ಕೇಳಲಿಲ್ಲ, ನಾವೂ ಹೇಳಲಿಲ್ಲ.

ಆಗಷ್ಟೇ ನಮ್ಮ ಓಣಿಗೆ ಕೇಬಲ್ ಬಂದಿತ್ತು. ಸಂಜೆ ಏಳಕ್ಕೆ ಒಂದು ವಿದೇಶಿ ಸೀರಿಯಲ್ಲು, ಹಿಂದಿ ಮಾತು ಕೂಡಿಸಿದ್ದು. ಅಮಲು ಪದಾರ್ಥ ಮಾರಿ ಕೋಟಿಗಟ್ಟಲೆ ಗಳಿಸಿದ, ನಿಜವಾಗಿಯೂ ಬದುಕಿದ್ದ ಒಬ್ಬ ಖದೀಮನ ಕಥೆ ಅದು ಎಂದು ಈಗ ನನಗೆ ಗೊತ್ತು. ಆಗ ಗೊತ್ತಿರಲಿಲ್ಲ. ಆ ಗೊತ್ತಿಲ್ಲದ್ದನ್ನೇ ನಾನು ಎಲ್ಲರಿಗೂ ವಿವರಿಸಿ ಹೇಳಿದೆ!

ಮೊದಲ ದಿನ ತೆರೆಯ ಮೇಲೆ ‘ಸತ್ಯ ಘಟನಾ’ ಎಂದು ಬಂತು. ಇಡೀ ಸೀರಿಯಲ್ಲಿನಲ್ಲಿ ನನಗೆ ಪೂರ್ತಿ ತಿಳಿದದ್ದು ಅದೊಂದೇ.

"ಅತ್ತಿಯವರ, ಇದು ಖರೇ ನಡದದ್ದು!" ಎಂದೆ ಗಂಭೀರವಾಗಿ.

"ಹೌದಾ? ಆ ಮೀಸಿಯಾಂವ ಯಾರ್ರಿ ಅಳ್ಯಾರ?"

"ರೋಚಾ ಅಂತ ಅವನ ಹೆಸರು."

"ರಾಚಪ್ಪಾ?"

"ಹೂಂ, ಹಂಗs ಅನ್ರಿ."

"ಆ ಚೀಲದಾಗ ಬೆಳ್ಳಗ ಏನೈತಿ? ಹಿಟ್ಟೇನು?"

ಗೊತ್ತಿಲ್ಲ ಎಂದು ಹೇಳಿದರೆ ಮಾಸ್ತರಿಕೆಗೆ ಕುಂದಲ್ಲವೇ! "ಹೌದ್ರಿ, ಹಿಟ್ಟು. ದೊಡ್ಡ ಗಿರಣಿ ಐತಿ ಅವಂದು" ಎಂದುಬಿಟ್ಟೆ. ಹೆಸರೂ ಕಸುಬೂ ನಮ್ಮ ಬೀಗರದ್ದೇ ಆಗಿಬಿಟ್ಟದ್ದು ಪಾಠ ಹೇಳುವ ಭರದಲ್ಲಿ ನನಗೆ ಹೊಳೆಯಲೇ ಇಲ್ಲ. ಹಿಟ್ಟು ಕಾಯಲು ಅಷ್ಟೊಂದು ಬಂದೂಕು ಯಾಕೆ ಎಂಬ ಸಂಶಯ ನನಗೂ ಬಂತು. ಆ ದೇಶದಲ್ಲಿ ಹಿಟ್ಟು ತುಟ್ಟಿ ಇರಬಹುದು ಎಂದು ಸಮಾಧಾನ ಮಾಡಿಕೊಂಡೆ. ಊರಿಗೆಲ್ಲ ಅದು ಹಿಟ್ ಸೀರಿಯಲ್ಲು, ನಮ್ಮ ಮನೆಯಲ್ಲಿ ಮಾತ್ರ ಹಿಟ್ಟಿನ ಸೀರಿಯಲ್ಲು!

ಅತ್ತೆಗೆ ಗಿರಣಿ ರಾಚಪ್ಪನ ಮೇಲೆ ಎಲ್ಲಿಲ್ಲದ ಮಮತೆ ಹುಟ್ಟಿತು. "ಬಡವರಿಗೆ ಮನಿ ಕಟ್ಟಿಸಿಕೊಡ್ತಾನ, ತಾಯಿ ಕಾಲಿಗೆ ಬೀಳ್ತಾನ, ಇಂಥವಗ ಪೊಲೀಸರು ಯಾಕ ಕಾಡ್ತಾರೊ!" ಎಂದು ಕಣ್ಣೊರೆಸಿಕೊಳ್ಳುವರು. ಮಂಗಳವಾರ ಅವನ ಮೇಲೆ ದಾಳಿಯಾಯಿತು. ಅತ್ತೆ ಊಟ ಮಾಡದೆ ಮಲಗಿದರು.

ಬುಧವಾರ ಬೆಳಿಗ್ಗೆ ಅರಿವೆ ಒಗೆಯುವಾಗ ಈ ದುಃಖವನ್ನು ಪಕ್ಕದ ಮನೆಯ ಗುಂಡವ್ವನ ಮುಂದೆ ತೋಡಿಕೊಂಡರಂತೆ. "ಗಿರಣಿ ರಾಚಪ್ಪನ ಮ್ಯಾಲ ಪೊಲೀಸರು ಬಿದ್ರಲ್ಲವಾ! ಚೀಲಗಟ್ಟಲೆ ಬಿಳೇ ಪುಡಿ ಹಿಡದ್ರು. ಖರೇನ ನಡದದ್ದು, ನಮ್ಮ ಅಳ್ಯಾರs ಹೇಳ್ಯಾರ!" ನಮ್ಮ ಬೀಗರು ಗಿರಣಿ ರಾಚಪ್ಪ ಎಂಬುದು ಗುಂಡವ್ವನಿಗೆ ಚೆನ್ನಾಗಿ ಗೊತ್ತು. ಆಕೆ ಅರ್ಧ ಒಗೆದ ಅರಿವೆ ಅಲ್ಲೇ ಬಿಟ್ಟು ಓಣಿ ತಿರುಗಲು ಹೋದಳು!

ಇದಾವುದೂ ನನಗೆ ಗೊತ್ತಿಲ್ಲ. ಮಧ್ಯಾಹ್ನ ಸಾಲೆಯಲ್ಲಿ ಡ್ರಾಯಿಂಗ್ ಮಾಸ್ತರ ಸಿದ್ಧರಾಮ ನನ್ನನ್ನು ಮೂಲೆಗೆ ಎಳೆದ.

"ಸರ, ನಿಮ್ಮ ಬೀಗರ ಸುದ್ದಿ ಕೇಳಿದ್ರೇನು? ಹಿಟ್ಟಿನ ಚೀಲದಾಗ ಅಫೀಮು! ಗೋವಾಕ್ಕ ಕಳಸ್ತಿದ್ರಂತ! ಪೊಲೀಸರು ಬಂದು ಹೋಗ್ಯಾರಂತ!"

ನಾನು ಹೇಳಿದ್ದು ಬರೀ ಹಿಟ್ಟು. ಊರು ಸುತ್ತಿ ಬರುವಷ್ಟರಲ್ಲಿ ಅದಕ್ಕೆ ಅಫೀಮು ಕೂಡಿಕೊಂಡಿತ್ತು. ನನ್ನ ಮಾತೇ ತಿರುಗಿ ಬಂದರೂ ನನಗೆ ಗುರುತು ಸಿಗಲಿಲ್ಲ! ಎಸ್‌ಟಿಡಿ ಬೂತಿಗೆ ಓಡಿ ಸಿಂದಗಿಗೆ ಫೋನು ಹಚ್ಚಿದೆ. ಆ ಕಡೆ ಗಿರಣಿಯ ಸದ್ದು.

"ಬೀಗರ, ಪೊಲೀಸರು ಬಂದಿದ್ರಂತ?"

"ಬಂದಿದ್ರಲ್ರಿ! ವಾರಕ್ಕೊಮ್ಮಿ ಬರ್ತಾರ. ಅವರದು ಅವರು ಒಯ್ತಾರ."

ಬೂತಿನವನಿಗೆ ಕೇಳಿಸದಂತೆ ದನಿ ತಗ್ಗಿಸಿದೆ. "ಬಿಳೇದ್ರಿ...?"

"ಬಿಳೇದು ಬೇಕೇನ್ರಿ? ಮೊದಲs ಹೇಳಬಾರದಾ! ಬರೂಮುಂದ ಒಂದು ಚೀಲ ತರ್ತೇನಿ."

"ಬ್ಯಾಡ್ರಿ, ಬ್ಯಾಡ್ರಿ! ಗೋವಾಕ್ಕೂ... ಹೋಗ್ತೈತೇನ್ರಿ?"

"ಹೋಗ್ತೈತ್ರಿ! ನಮ್ಮ ಕಡೆ ಮಂದಿ ಅಲ್ಲಿ ಬಾಳ ಅದಾರ. ಒಮ್ಮಿ ರುಚಿ ಹತ್ತಿತಂದ್ರ ಬಿಡಂಗೇ ಇಲ್ರಿ!"

"ನಿಶ್ಚಯ ಸದ್ಯಕ್ಕ ಬ್ಯಾಡ್ರಿ!" ಎಂದು ಕಿರುಚಿ ಫೋನು ಇಟ್ಟೆ.

ಮನೆಯಲ್ಲಿ ಸುದ್ದಿ ಹೇಳಿದಾಗ ಭುವನೇಶ್ವರಿ ಗೋಡೆ ಹಿಡಿದು ಕುಳಿತಳು. ವಿದ್ಯಾವತಿ ಮಾತ್ರ ನನ್ನ ಮುಂದೆಯೇ ನಿಂತಳು.

"ಅಪ್ಪಾ, ನೀ ಕಣ್ಣಾರೆ ನೋಡಿಯೇನು?"

"ಅವರ ಬಾಯಿಲೇ ಕೇಳೇನಿ, ಮಗಳ."

ಆಕೆ ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಮರುದಿನವೂ ನೆಟ್ಟಗೆ ಉಣ್ಣಲಿಲ್ಲ. ಹುಡುಗನನ್ನು ಆಕೆ ಮನಸಾರೆ ಮೆಚ್ಚಿದ್ದಳು. ಮಗಳನ್ನು ಉಳಿಸಿದೆನೋ, ಕೆಡಿಸಿದೆನೋ ತಿಳಿಯದೆ ನನ್ನ ತಲೆ ಗೊಂದಲದ ಗೂಡಾಯಿತು.

ಗುರುವಾರ ಸಂಜೆ ಏಳಕ್ಕೆ ಬಾಗಿಲು ಬಡಿದ ಸದ್ದು. ತೆಗೆದರೆ ರಾಚಪ್ಪ! ಹೆಗಲ ಮೇಲೆ ಚೀಲ!

"ಏನ್ ತಪ್ಪಾತ್ರಿ ಮಾಸ್ತರ್ರ ನಮ್ಮಿಂದ?" ಎಂದರು. ದನಿ ಕುಗ್ಗಿತ್ತು. "ನಮ್ಮ ಅಮಿತ ನಿನ್ನೆಯಿಂದ ಬಾಯಿಗೆ ಕೂಳು ಮುಟ್ಟಿಸಿಲ್ಲ. ಏನಾತಂತ ಹೇಳಿಬಿಡ್ರಿ."

ನಾನು ಚೀಲವನ್ನೇ ನೋಡುತ್ತ ನಿಂತೆ. ಟೀವಿಯ ಮುಂದೆ ಕುಳಿತಿದ್ದ ಅತ್ತೆ, ಯಾರೋ ನೆಂಟರೆಂದು ತಿಳಿದು ಕೂಗಿದರು.

"ಬಾರೊ ಯಪ್ಪಾ, ಕುಂದರು. ರಾಚಪ್ಪ ಬರೂ ವ್ಯಾಳ್ಯಾ ಆತು!"

"ನಾ ಬಂದೇನಲ್ರಿ, ಯವ್ವಾ!"

"ನೀ ಅಲ್ಲೊ, ಗಿರಣಿ ರಾಚಪ್ಪ!"

"ನಾನs ಗಿರಣಿ ರಾಚಪ್ಪ!"

"ಹುಚ್ಚಪ್ಪಾ, ಅವನ್ನ ಮೊನ್ನೆ ಪೊಲೀಸರು ಮುತ್ತಿಗಿ ಹಾಕಿದ್ರು. ನೋಡಲ್ಲಿ!" ಎಂದು ಅತ್ತೆ ಟೀವಿಗೆ ಬೆರಳು ಮಾಡಿದರು.

ರಾಚಪ್ಪ ಟೀವಿ ನೋಡಿದರು, ಅತ್ತೆಯನ್ನು ನೋಡಿದರು, ಕೊನೆಗೆ ನನ್ನನ್ನು ನೋಡಿದರು. ಚೀಲ ಇಳಿಸಿ ಗಂಟು ಬಿಚ್ಚಿದರು. ಒಳಗೆ ಬೆಳ್ಳಗಿನ ಜೋಳದ ಹಿಟ್ಟು. ಪೊಲೀಸರು ವಾರಕ್ಕೊಮ್ಮೆ ಬೀಸಿಸಿಕೊಂಡು ಒಯ್ಯುತ್ತಿದ್ದದ್ದೂ, ಗೋವಾಕ್ಕೆ ಹೋಗುತ್ತಿದ್ದದ್ದೂ ಇದೇ! ತೊದಲುತ್ತ ಎಲ್ಲವನ್ನೂ ಒಪ್ಪಿಕೊಂಡೆ.

ಅವರು ಸೊಲ್ಲಾಪುರದಲ್ಲಿ ಹದಿನೈದು ವರ್ಷ ದುಡಿದವರು. ಹಿಂದಿ ಅವರಿಗೆ ಖರೇನೇ ಬರುತ್ತಿತ್ತು! ಎರಡು ನಿಮಿಷ ಕಿವಿಗೊಟ್ಟು ಅತ್ತೆಗೆ ಹೇಳಿದರು. "ಯವ್ವಾ, ಅದು ಹಿಟ್ಟಲ್ರಿ. ಅಮಲಿನ ಪುಡಿ. ಆ ದಂಧೆ ಮಾಡಿ ಸಾವಿರ ಮನಿ ಹಾಳ ಮಾಡ್ಯಾನ ಇಂವಾ."

"ಹಂಗಾರ ಎಂಟು ದಿನದಿಂದ ನಾ ಯಾರ ಸಲುವಾಗಿ ಅತ್ತೇನಿ?" ಎಂದು ಅತ್ತೆ ನನ್ನ ಕಡೆ ತಿರುಗಿದರು. ಆ ನೋಟದ ಮುಂದೆ ಪೊಲೀಸ್ ದಾಳಿ ಯಾವ ಲೆಕ್ಕ! ಭುವನೇಶ್ವರಿ ಸೆರಗು ಬಾಯಿಗೆ ಒತ್ತಿಕೊಂಡು ಅಡುಗೆಮನೆಗೆ ಓಡಿದಳು. ವಿದ್ಯಾವತಿಯ ಕೋಣೆಯ ಬಾಗಿಲು ತೆರೆಯಿತು. ಎರಡು ದಿನದ ಮೇಲೆ ಆ ಮುಖದಲ್ಲಿ ನಗು ಕಂಡು ನನಗೆ ಜೀವ ಬಂದಂತಾಯಿತು.

ನಾನು ಕೈ ಮುಗಿದೆ. "ಬೀಗರ, ತಪ್ಪಾತ್ರಿ. ಇನ್ನ ನೀವು ಹೇಳಿದಂಗ."

ರಾಚಪ್ಪ ಮೀಸೆಯಲ್ಲೇ ನಕ್ಕರು. "ನಿಶ್ಚಯ ನಾಳೆನs ಮಾಡೂಣ್ರಿ. ಊಟ ನಿಮ್ಮದು, ಹಿಟ್ಟು ನಮ್ಮದು. ಆದ್ರ ಲಗ್ನಪತ್ರಿಕಿ ಮಾತ್ರ ನಾನs ಬರಸ್ತೇನಿ. ನೀವು ಬರಸಿದ್ರ, ಲಗ್ನದ ದಿನ ನಮ್ಮ ಹುಡುಗ ಯಾರ ಮುಂದ ಹೋಗಿ ನಿಂದರಬೇಕಂತ ಅವಗs ತಿಳಿಯಂಗಿಲ್ಲ!"