ಕೊಲ್ಹಾಪುರಿ ಚಪ್ಪಲಿಯ ಪತ್ತೇದಾರ

ನನ್ನನ್ನು ಸ್ವತಂತ್ರಳನ್ನಾಗಿ ಮಾಡಲು ನಮ್ಮ ಮಾಮಾ ಪಟ್ಟಷ್ಟು ಪಾಡನ್ನು ದೇಶವನ್ನು ಸ್ವತಂತ್ರ ಮಾಡಲು ಯಾರೂ ಪಟ್ಟಿರಲಾರರು! ಅವರಾದರೂ ಉಪವಾಸ ಮಾಡಿದರು, ಜೈಲಿಗೆ ಹೋದರು, ಅಷ್ಟೇ. ನಮ್ಮ ಮಾಮಾ ಮೇ ತಿಂಗಳ ಪೆನಾಂಗ್ ಸೆಕೆಯಲ್ಲಿ ಉಣ್ಣೆಯ ಟೋಪಿ ಹಾಕಿಕೊಂಡು ಬಸ್ಸು ಹತ್ತಿದ. ಯಾವುದು ದೊಡ್ಡ ತ್ಯಾಗ, ನೀವೇ ಹೇಳಿ.

ಮಾಮಾ ಅಂದರೆ ನಮ್ಮವ್ವನ ತಮ್ಮ. ಹುಟ್ಟಿದ್ದು ಧಾರವಾಡ, ಇರುವುದು ಮಲೇಶಿಯಾದ ಪೆನಾಂಗ್ ದ್ವೀಪದ ಬಯಾನ್ ಲೆಪಾಸ್. ಅಲ್ಲಿನ ಕಾರ್ಖಾನೆಯೊಂದರಲ್ಲಿ ಕಂಪ್ಯೂಟರಿನ ಚಿಪ್ಪುಗಳನ್ನು ಪರೀಕ್ಷೆ ಮಾಡುವ ಎಂಜಿನಿಯರ್. ಪರೀಕ್ಷೆ ಅಂದರೇನು? ಚಿಪ್ಪನ್ನು ಒಲೆಯಂಥ ಬಿಸಿಗೆ ಒಡ್ಡುವುದು, ಮಂಜಿನಂಥ ಚಳಿಗೆ ಒಡ್ಡುವುದು, ಆಮೇಲೂ ಜೀವ ಉಳಿದಿದ್ದರೆ ಪಾಸು ಮಾಡುವುದು. ಮನುಷ್ಯರನ್ನೂ ಹೀಗೇ ತಯಾರು ಮಾಡಬೇಕು ಎಂದು ಅವನ ವಾದ.

ನಾನು ಬಿ.ಎಸ್ಸಿ. ಕೊನೆಯ ಪರೀಕ್ಷೆ ಬರೆದು, ಎಂ.ಎಸ್ಸಿ.ಗೆ ಪುಣೆಗೆ ಹೋಗುತ್ತೇನೆಂದು ಮನೆಯಲ್ಲಿ ಹಟ ಹಿಡಿದಿದ್ದೆ. ಅವ್ವ ನನ್ನನ್ನು ಹುಬ್ಬಳ್ಳಿಗೇ ಒಬ್ಬಳನ್ನೇ ಕಳಿಸಿದವಳಲ್ಲ, ಇನ್ನು ಪುಣೆಗೆ ಕಳಿಸುತ್ತಾಳೆಯೇ? ಆಗ ಫೋನಿನಲ್ಲಿ ಮಾಮಾ ಗುಡುಗಿದ.

"ಅಕ್ಕಾ, ಹುಡುಗೀನ ಟ್ರಂಕಿನ್ಯಾಗ ಇಟ್ಟು ಬೆಳಸಾಕತ್ತೀಯೇನು? ಒಂದ ತಿಂಗಳ ನನ್ನ ಹತ್ರ ಕಳಸು. ಇಲ್ಲಿ ಒಬ್ಬಾಕೀನ ತಿರಗಾಡಸ್ತೀನಿ. ಆಮ್ಯಾಲೆ ನಾ ಹೇಳತೀನಿ, ಪುಣೆಕ್ಕ ಕಳಸಬೇಕೋ ಬ್ಯಾಡೋ ಅಂತ."

"ಆತು," ಅಂದಳು ಅವ್ವ. "ನೀ ಹೂಂ ಅಂದ್ರ ನಂದೂ ಹೂಂ. ನೀ ಬ್ಯಾಡ ಅಂದ್ರ ಮುಂದ ಆ ಮಾತು ಎತ್ತಬಾರದು."

ಹೀಗೆ ನನ್ನ ಪುಣೆ ಮಾಮಾನ ಕೈಗೆ ಹೋಯಿತು, ಮಾಮಾನ ಕೈಯಲ್ಲಿ ಪಾಸಾಗಲು ನಾನು ವಿಮಾನ ಹತ್ತಿದೆ.

ವಿಮಾನ ನಿಲ್ದಾಣಕ್ಕೆ ತಾನು ಬರುವುದಿಲ್ಲ ಎಂದು ಅವನು ಮೊದಲೇ ಹೇಳಿದ್ದ. "ನೀನ ಟ್ಯಾಕ್ಸಿ ಕರಿ, ನೀನ ಮನಿಗೆ ಬಾ. ಅಲ್ಲಿಂದನ ಪರೀಕ್ಷೆ ಚಾಲೂ!" ನಾನೂ ಎದೆ ಗಟ್ಟಿ ಮಾಡಿಕೊಂಡು ಟ್ಯಾಕ್ಸಿ ಕರೆದೆ. ಸ್ವಲ್ಪ ದೂರ ಹೋಗುತ್ತಲೇ ಡ್ರೈವರ್ ಅಣ್ಣ ಕನ್ನಡಿ ನೋಡುತ್ತ, "ಮಿಸ್, ಪಿನ್ನಾಲೆ ಒರು ಕಾರ್. ಫಾಲೋ ಪಣ್ಣುದು ಲಾ," ಅಂದ. ಇದನ್ನು ಅರ್ಥ ಮಾಡಿಕೊಳ್ಳಲು ತಮಿಳು ಬರಬೇಕೆಂದಿಲ್ಲ, ಜೀವಭಯ ಇದ್ದರೆ ಸಾಕು! ತಿರುಗಿ ನೋಡಿದರೆ ಬೂದು ಬಣ್ಣದ ಕಾರು. ನಾವು ತಿರುಗಿದಲ್ಲಿ ಅದೂ ತಿರುಗಿತು, ನಾವು ನಿಂತಲ್ಲಿ ಅದೂ ನಿಂತಿತು. ಮನೆ ಮುಟ್ಟಿ, ಬಾಗಿಲು ತೆರೆದ ಅತ್ತೆಯನ್ನು ತಬ್ಬಿಕೊಂಡು ನಾನಿನ್ನೂ ಏದುಸಿರು ಬಿಡುತ್ತಿದ್ದೆ. ಅಷ್ಟರಲ್ಲಿ ಮಾಮಾ ಕಾರಿನ ಕೀಲಿ ಕುಣಿಸುತ್ತ ಒಳಗೆ ಬಂದ.

"ಓಹೋ, ಬಂದ್ಯಾ! ನಾ ಇಲ್ಲೇ ಹಾಲು ತರಾಕ ಹೋಗಿದ್ದೆ."

ಅತ್ತೆ ಅವನ ಖಾಲಿ ಕೈ ನೋಡಿದಳು. "ಹಾಲು ಎಲ್ಲೈತ್ರೀ?"

ಮಾಮಾ ತನ್ನ ಕೈಯನ್ನು ತಾನೇ ಹಿಂದೆಮುಂದೆ ತಿರುಗಿಸಿ ನೋಡಿಕೊಂಡ.

ಮರುದಿನ ಬಸ್ಸಿನ ಪರೀಕ್ಷೆ. ಒಬ್ಬಳೇ ಜಾರ್ಜ್ ಟೌನಿಗೆ ಹೋಗಿ, ಒಬ್ಬಳೇ ಚಹಾ ಕುಡಿದು, ಒಬ್ಬಳೇ ಬರಬೇಕು. "ನಾ ಆಫೀಸಿನ್ಯಾಗ ಇರತೀನಿ. ಇಡೀ ದಿನ ಮೀಟಿಂಗ್. ಫೋನ್ ಮಾಡಬ್ಯಾಡ," ಎಂದು ಅಪ್ಪಣೆಯಾಯಿತು. ಬಸ್ಸಿನಲ್ಲಿ ಕಿಟಕಿ ಪಕ್ಕ ಕುಳಿತು ಸಮುದ್ರ ನೋಡುತ್ತಿದ್ದೆ. ಹಿಂದಿನಿಂದ ಕರ್ ಕರ್ ಸದ್ದು. ಎಲ್ಲಿಯೋ ಕೇಳಿದ ಸದ್ದು! ಓರೆಗಣ್ಣಿನಲ್ಲಿ ನೋಡಿದೆ. ಉಣ್ಣೆ ಟೋಪಿ, ಕಪ್ಪು ಕನ್ನಡಕ, ಮೂಗಿನವರೆಗೆ ಮಾಸ್ಕು ಧರಿಸಿದ ಭಯಂಕರ ಆಸಾಮಿಯೊಬ್ಬ ಕೂತಿದ್ದಾನೆ. ಕಾಲಲ್ಲಿ ಮಾತ್ರ ಕೊಲ್ಹಾಪುರಿ ಚಪ್ಪಲಿ! ಇಡೀ ಪೆನಾಂಗ್ ದ್ವೀಪದಲ್ಲಿ ಹಾಗೆ ಕರಗುಟ್ಟುವ ಚಪ್ಪಲಿ ಇನ್ಯಾರ ಬಳಿ ಇದ್ದೀತು?

ನಾನು ಗೊತ್ತಾಗದವಳಂತೆ ಇಳಿದು, ಅಲ್ಲಿಯವರು ಮಾಮಕ್ ಎನ್ನುವ ರಸ್ತೆ ಬದಿಯ ಚಹಾದಂಗಡಿಗೆ ಹೋಗಿ ಕೂತೆ. ಅಲ್ಲಿ ಚಹಾ ಅಂದರೆ ಚಹಾ ಅಲ್ಲ, ಸಕ್ಕರೆ ಪಾಕಕ್ಕೆ ಚಹಾದ ಬಣ್ಣ ಕಟ್ಟಿದ್ದು. ಸಕ್ಕರೆ ಕಡಿಮೆ ಹಾಕಿ ಎನ್ನಲು ಮಾಮಾ ಒಂದು ಮಲಯ್ ಮಾತು ಕಲಿಸಿದ್ದ. ಸಮಯಕ್ಕೆ ಸರಿಯಾಗಿ ಅದು ಮರೆತುಹೋಯಿತು. "ಕುರಂಗ್… ಕುರಂಗ್…" ಎಂದು ನಾನು ತಡವರಿಸುತ್ತಿದ್ದೆ. ಸಪ್ಲೈಯರ್ ತಮಿಳಿನವ. ತಮಿಳಿನಲ್ಲಿ ಕುರಂಗು ಅಂದರೆ ಕೋತಿ! ಅವನ ಮುಖ ಕೆಂಪೇರತೊಡಗಿತು. ಅಷ್ಟರಲ್ಲಿ ಎರಡು ಟೇಬಲ್ ಆಚೆಯಿಂದ ಒಂದು ಧ್ವನಿ ತಡೆಯಲಾರದೆ ಸಿಡಿಯಿತು: "ಕುರಂಗ್ ಮಾನಿಸ್! ಕುರಂಗ್ ಮಾನಿಸ್!" ಕೂಗಿದ್ದೇ ತಡ, ಉಣ್ಣೆ ಟೋಪಿ ಮೆನು ಕಾರ್ಡಿನ ಹಿಂದೆ ಮುಳುಗಿತು.

"ಅಂದ ಅಂಕಲ್ ಉಂಗಳ್ಕು ತೆರಿಯುಮಾ?" ಸಪ್ಲೈಯರ್ ಕೇಳಿದ.

"ಯಾರೋ ಏನೋ!" ನಾನು ಭುಜ ಕುಣಿಸಿದೆ.

ಸಂಜೆ ಮನೆಯಲ್ಲಿ ಮಾಮಾ ಪೇಪರ್ ಓದುತ್ತ, "ಚಹಾ ಭಾಳ ಸಿಹಿ ಇರಲಿಲ್ಲ ಹೌದಲ್ಲೋ?" ಅಂದ.

"ನಾ ಚಹಾ ಕುಡದದ್ದು ನಿನಗ ಯಾರ ಹೇಳಿದ್ರು?"

"ಅಂದಾಜು ಬೇ, ಅಂದಾಜು! ಎಂಜಿನಿಯರ್ ಅದೀನಿ ನಾ."

ನನಗೂ ಹಟ ಬಂತು. ಮರುವಾರ ಆಚೆ ದಡದ ಬಟರ್‌ವರ್ತ್‌ಗೆ ಹೋಗುವ ದೋಣಿಯ ಕಟ್ಟೆಗೆ ಹೋದೆ. ಸಾಲಿನಲ್ಲಿ ನಿಂತಂತೆ ಮಾಡಿ, ಜನ ನುಗ್ಗಿದಾಗ ಮೆಲ್ಲಗೆ ಕಂಬದ ಮರೆಗೆ ಸರಿದುಬಿಟ್ಟೆ. ಕರ್ ಕರ್ ಎನ್ನುತ್ತ ಚಪ್ಪಲಿ ಓಡಿ ದೋಣಿ ಹತ್ತಿತು. ದೋಣಿ ಹೊರಟಿತು. ದ್ವೀಪದಲ್ಲಿ ನಾನು, ಸಮುದ್ರದಲ್ಲಿ ಮಾಮಾ! ಸ್ವಲ್ಪ ಹೊತ್ತಿಗೆ ಫೋನು ಬಂತು.

"ತಂಗೀ, ಎಲ್ಲದೀ?"

"ಇಲ್ಲೇ, ದಂಡಿ ಮ್ಯಾಲೆ. ನೀ?"

"ನಾನಾ? ಆಫೀಸಿನ್ಯಾಗ. ಮೀಟಿಂಗ್ ನಡದೈತಿ."

ಅದೇ ಕ್ಷಣಕ್ಕೆ ಫೋನಿನೊಳಗೆ ಭೋಂ ಎಂದು ದೋಣಿಯ ಭೋಂಗಾ ಮೊಳಗಿತು.

"ನಿಮ್ಮ ಮ್ಯಾನೇಜರ್ ಭಾಳ ಜೋರದಾನ ನೋಡ ಮಾಮಾ!" ಅಂದೆ.

ಇಷ್ಟಾದರೂ ಒಪ್ಪಿಕೊಂಡನೇ? ಇಲ್ಲ! ನಾನೂ ಬಾಯಿ ಬಿಡಲಿಲ್ಲ. ಅವನು ಹಿಂಬಾಲಿಸುವುದು, ನಾನು ಕಾಣದಂತೆ ನಟಿಸುವುದು ನಮ್ಮಿಬ್ಬರ ನಿತ್ಯದ ನೌಕರಿಯಾಯಿತು. ವರ್ಷದ ರಜೆಯನ್ನೆಲ್ಲ ಆ ತಿಂಗಳೇ ಸುರಿದಿದ್ದಾನೆ ಎಂದು ಅತ್ತೆ ಪಾತ್ರೆ ಒರೆಸುತ್ತ ಹೇಳಿದಾಗ ಮಾತ್ರ ನನಗೆ ನಿಜಕ್ಕೂ ಸಿಟ್ಟು ಬಂತು. ಇಷ್ಟು ನಂಬಿಕೆ ಇಲ್ಲದವನು ಅವ್ವನಿಗೆ ಹೂಂ ಅನ್ನುತ್ತಾನೆಯೇ? ನನ್ನ ಪುಣೆ ಮುಗಿದ ಕತೆ ಎಂದುಕೊಂಡೆ.

ಮರುದಿನ ಅದೇ ಸಿಟ್ಟಿನಲ್ಲಿ ಸಸ್ಯೋದ್ಯಾನಕ್ಕೆ ಹೋದೆ. ಹಿಂದೆ ಕರ್ ಕರ್. ಬೇಕೆಂದೇ ಜೋರಾಗಿ ನಡೆದೆ. ಇದ್ದಕ್ಕಿದ್ದಂತೆ ಚಪ್ಪಲಿ ಸದ್ದಿಗೆ ಬದಲು, "ಅಯ್ಯಯ್ಯೋ ಯವ್ವಾ! ಬಿಡಲೇ! ಬಿಡಲೇ ಮಂಗ್ಯಾ!" ಎಂಬ ಅಚ್ಚ ಧಾರವಾಡ ಕೂಗು ಮರಗಳ ನಡುವಿನಿಂದ ಎದ್ದಿತು.

ಓಡಿ ಹೋಗಿ ನೋಡಿದರೆ ಮಾಮಾ ನೆಲದ ಮೇಲೆ. ಉಣ್ಣೆ ಟೋಪಿ ಕೊಂಬೆಯ ಮೇಲೆ. ಅವನು ತಪಾವ್ ಮಾಡಿಸಿ, ಅಂದರೆ ಪಾರ್ಸೆಲ್ ಕಟ್ಟಿಸಿಕೊಂಡು ಬಂದಿದ್ದ ಬಾಳೆಹಣ್ಣಿನ ಬಜಿಯ ಪೊಟ್ಟಣ ಕೋತಿಯ ಕೈಯಲ್ಲಿ. ಜಗ್ಗಾಟದಲ್ಲಿ ಮೆಟ್ಟಿಲು ತಪ್ಪಿ ಬಿದ್ದಿದ್ದ. ಪಾದ ಆಗಲೇ ಪೂರಿಯಂತೆ ಊದಿತ್ತು.

"ನೀ ಆಫೀಸಿನ್ಯಾಗ ಇರಬೇಕಿತ್ತಲ್ಲ ಮಾಮಾ?"

"ಆಮ್ಯಾಲೆ ಬೈಯವಾ. ಮೊದಲ ಎಬ್ಬಸು."

ಎಬ್ಬಿಸಲು ಹೋದೆ, ಆಗಲಿಲ್ಲ. ವಾಕಿಂಗಿಗೆ ಬಂದಿದ್ದ ಚೀನೀ ಅಜ್ಜಿಯೊಬ್ಬರು ಇನ್ನೊಂದು ತೋಳು ಹಿಡಿದರು. ಟ್ಯಾಕ್ಸಿ ಕರೆದೆ, ಹತ್ತಿರದ ಕ್ಲಿನಿಕ್ ಹುಡುಕಿದೆ, ಅತ್ತೆಯ ಆಫೀಸಿಗೆ ಫೋನು ಮಾಡಿ ಗಾಬರಿಯಾಗಬೇಡಿ ಎಂದೆ, ಡಾಕ್ಟರಿಗೆ ನಡೆದದ್ದೆಲ್ಲ ಇಂಗ್ಲಿಷಿನಲ್ಲಿ ವಿವರಿಸಿದೆ. ಸಣ್ಣ ಎಲುಬು ಬಿರುಕು ಬಿಟ್ಟಿದೆ, ಪ್ಲಾಸ್ಟರ್ ಬೇಕು ಎಂದರು. ಸೂಜಿ ಕಂಡ ಕೂಡಲೇ ಮಾಮಾ ನನ್ನ ಕಿರುಬೆರಳು ಹಿಡಿದುಕೊಂಡ. ಸಾವಿರಾರು ಚಿಪ್ಪುಗಳನ್ನು ಬೇಯಿಸಿದ ವೀರ!

ಪ್ಲಾಸ್ಟರ್ ಒಣಗುವ ತನಕ ನಾವಿಬ್ಬರೂ ಗೋಡೆ ನೋಡುತ್ತ ಕುಳಿತೆವು. ಆಗ ನಾನು ಕೇಳಿಯೇಬಿಟ್ಟೆ. "ನನ್ನ ಮ್ಯಾಲೆ ಒಂಚೂರೂ ನಂಬಿಕಿ ಇಲ್ಲೇನು ನಿನಗ?"

"ನಂಬಿಕಿ ಮೊದಲನೇ ದಿನಾನ ಬಂತವಾ. ನೀ ವಿಮಾನ ಇಳದು ಟ್ಯಾಕ್ಸಿ ಹತ್ತಿದ್ದು ನೋಡಿದಾಗನ."

"ಮತ್ತ ಯಾಕ ಹಿಂದ ಬರತಿದ್ದಿ?"

ಮಾಮಾ ಪ್ಲಾಸ್ಟರನ್ನು ಬೆರಳಿನಿಂದ ಮುಟ್ಟಿ ನೋಡಿದ. "ನಮಗ ಮಕ್ಕಳಿಲ್ಲಲ್ಲವಾ. ಎಲ್ಲಾರೂ ಕೂಸಿನ್ನ ಸಾಲಿಗೆ ಕಳಸತಾರ, ಅದು ಸಾಲಿ ಮುಟ್ಟೂ ತನಕ ಹಿಂದ ಕಳ್ಳಹೆಜ್ಜಿ ಇಟಗೋತ ಹೋಗತಾರ. ನಮ್ಮ ಆಫೀಸಿನ್ಯಾಗ ಎಲ್ಲಾರೂ ಆ ಕತಿ ಹೇಳತಿರತಾರ. ನನ್ನ ಹತ್ರ ಹೇಳಾಕ ಒಂದೂ ಇರಲಿಲ್ಲ. ನೀ ಒಂದ ತಿಂಗಳ ಬಂದಿ…"

ಅಷ್ಟರಲ್ಲಿ ಅವ್ವನ ಫೋನು. ಅತ್ತೆಯಿಂದ ಸುದ್ದಿ ಮುಟ್ಟಿತ್ತು. "ಅಯ್ಯ, ಏನಾತೋ? ಹುಡುಗಿ ಎಲ್ಲದಾಳ? ಆಕಿನ್ನ ಯಾರ ನೋಡಕೊಳ್ಳಾಕತ್ತಾರ?" ಎಂದು ಒಂದೇ ಸಮನೆ ಕೂಗಿದಳು.

"ಅಕ್ಕಾ, ಆಕಿ ನನ್ನ ನೋಡಕೊಳ್ಳಾಕತ್ತಾಳ," ಅಂದ ಮಾಮಾ. "ಪುಣೆಕ್ಕ ಕಳಸು. ಹೂಂ ಅಂದೀನಿ, ಹೂಂ!"

ನರ್ಸಮ್ಮ ಊರುಗೋಲು ತಂದು ನನ್ನ ಕೈಗಿಟ್ಟರು. ಮಾಮಾನ ತೋಳನ್ನು ನನ್ನ ಹೆಗಲ ಮೇಲೆ ಸರಿಯಾಗಿ ಕೂರಿಸುತ್ತ, "ಯುವರ್ ಫಾದರ್, ಆಹ್?" ಎಂದು ಕೇಳಿದರು.

ಅಲ್ಲ, ಅಂಕಲ್ ಎನ್ನಲು ಬಾಯಿ ತೆರೆದೆ. ಮಾಮಾ ಅತ್ತ ಮುಖ ತಿರುಗಿಸಿ, ಗೋಡೆಯ ಮೇಲಿದ್ದ ಹಲ್ಲುಜ್ಜುವ ವಿಧಾನದ ಚಿತ್ರವನ್ನು ಬಹಳ ಶ್ರದ್ಧೆಯಿಂದ ನೋಡುತ್ತಿದ್ದ.

"ಯೆಸ್," ಅಂದೆ.